ಇಲಾಂ ಚಹಾ ನೋಡಲು ಹೊರಟವರಿಗೆ

ಪೂರ್ವ ನೇಪಾಳದ ಇಲಾಂಗೆ ಹೋಗುವವರು ಮೊದಲು ತಿಂಗಳು ನೋಡಿಕೊಳ್ಳಿ, ಟಿಕೆಟ್ ಆಮೇಲೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಚಹಾ ಗಿಡ ಚಿಗುರುವುದಿಲ್ಲ. ಸವರಿದ ರೆಂಬೆ ನೋಡಿಕೊಂಡು ಬರಬೇಕಷ್ಟೆ. ಏಪ್ರಿಲ್‌ನ ಮೊದಲ ಚಿಗುರು ಇಲ್ಲವೇ ಅಕ್ಟೋಬರ್–ನವೆಂಬರಿನ ಕೊನೆಯ ಕೊಯ್ಲು ಒಳ್ಳೆಯದು. ಮಳೆಗಾಲದ ಇಂಬಳ ಮಲೆನಾಡಿನವರಿಗೆ ಹೊಸದಲ್ಲ, ಆದರೆ ಅಲ್ಲಿ ಗುಡ್ಡ ಜರಿದು ರಸ್ತೆಯೇ ಮುಚ್ಚಿಹೋಗಬಹುದು.

ಬಾಗ್‌ಡೋಗ್ರಾ ವಿಮಾನ ನಿಲ್ದಾಣದಿಂದ ಗಡಿಯ ಪಾನಿಟಂಕಿ, ಮೇಚಿ ಸೇತುವೆ ದಾಟಿದರೆ ನೇಪಾಳದ ಕಾಕಡ್‌ಭಿಟ್ಟಾ. ಅಲ್ಲಿಂದ ಇಲಾಂಗೆ ಬಸ್ಸು, ಜೀಪು. ಭಾರತೀಯರಾದ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ. ನಮ್ಮ 100 ರೂಪಾಯಿಗೆ ಅವರ 160. ಚಿಕ್ಕ ನೋಟುಗಳನ್ನೇ ಒಯ್ಯಿರಿ.

ದಾರಿಯಲ್ಲಿ ಸಿಗುವ ಕನ್ಯಾಮ್ ಚಹಾ ತೋಟದಲ್ಲಿ ಫೋಟೋ ತೆಗೆಸಿಕೊಳ್ಳುವವರದೇ ಗದ್ದಲ. ಒಂದರ್ಧ ಗಂಟೆ ಸಾಕು. ಇಲಾಂ ಪೇಟೆಯ ಪಕ್ಕದಲ್ಲೇ 1863ರ ಹಳೆಯ ತೋಟವಿದೆ, ಅದನ್ನೂ ನಡೆದು ನೋಡಿ. ಆದರೆ ಉಳಿದುಕೊಳ್ಳುವುದು ಮಾತ್ರ ಹಳ್ಳಿಯ ರೈತರ ಮನೆಯಲ್ಲಿ. ಹೋಂಸ್ಟೇಗಳಿವೆ. ಇಲ್ಲಿನ ಸಣ್ಣ ಹಿಡುವಳಿದಾರರು ಮನೆಯ ಸುತ್ತಲಿನ ಇಳಿಜಾರಿನಲ್ಲಿ ಚಹಾ ಬೆಳೆದು, ಡೇರಿಗೆ ಹಾಲು ಹಾಕುವ ಹಾಗೆ ಹಸಿರೆಲೆಯನ್ನು ಕಾರ್ಖಾನೆಗೋ ಸಹಕಾರ ಸಂಘಕ್ಕೋ ಹಾಕುತ್ತಾರೆ. ಚಹಾ ಒಂದನ್ನೇ ನಂಬಿ ಕೂತವರು ಕಡಿಮೆ: ತೇವದ ತಗ್ಗಿನಲ್ಲಿ ದೊಡ್ಡ ಏಲಕ್ಕಿ, ಬದುವಿನ ಮೇಲೆ ಮಣ್ಣು ಹಿಡಿದಿಡುವ ಪೊರಕೆ ಹುಲ್ಲು, ಕೊಟ್ಟಿಗೆಯಲ್ಲಿ ಹಸು. ಸಗಣಿ, ಗಂಜಲ, ಸೊಪ್ಪು ಕೊಳೆಸಿ ಮಾಡುವ ‘ಝೋಲ್‌ಮಲ್’ ಎಂಬ ದ್ರಾವಣವನ್ನು ಗಿಡಕ್ಕೆ ಹಾಕುವವರ ಮನೆ ಸಿಕ್ಕರೆ ಆ ಡ್ರಮ್ಮಿನ ಹತ್ತಿರ ಹೋಗಿ ಮೂಸಿ ನೋಡಿ. ತೋಟದ ಆರೋಗ್ಯ ಹೊರಗಿನ ಬೋರ್ಡಿನಲ್ಲಲ್ಲ, ಆ ಡ್ರಮ್ಮಿನಲ್ಲಿದೆ. ‘ಸಾವಯವ’ ಪ್ರಮಾಣಪತ್ರಕ್ಕೆ ಖರ್ಚು ಹೆಚ್ಚು, ಸಣ್ಣವರಿಗೆ ಎಟುಕುವುದು ಕಷ್ಟ. ಪತ್ರ ಕೇಳುವ ಬದಲು ಏನು ಸಿಂಪಡಿಸುತ್ತೀರಿ, ಸಿಂಪಡಿಸಿ ಎಷ್ಟು ದಿನಕ್ಕೆ ಕೊಯ್ಯುತ್ತೀರಿ ಎಂದು ಕೇಳಿ.

ಎಲೆ ಕಾರ್ಖಾನೆ ಸೇರುವುದು ಮಧ್ಯಾಹ್ನದ ಮೇಲೆ. ಬಾಡಿಸಲು ರಾತ್ರಿಯಿಡೀ ಬೇಕು. ಉಜ್ಜುವ ಯಂತ್ರದ ಕೆಲಸ ನೋಡಬೇಕಾದರೆ ಬೆಳಗ್ಗೆ ಬೇಗ ಹೋಗಿ. ಸುಮಾರು ನಾಲ್ಕೂವರೆ ಕಿಲೋ ಹಸಿರೆಲೆ ಒಣಗಿ ಒಂದು ಕಿಲೋ ಚಹಾ ಆಗುವುದನ್ನು ಕಂಡ ಮೇಲೆ ಬೆಲೆಗೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಕೊಳ್ಳುವಾಗ ಯಾವ ತಿಂಗಳ ಕೊಯ್ಲು ಎಂದು ಕೇಳಿ, ಚಿಕ್ಕ ಪೊಟ್ಟಣಗಳಲ್ಲೇ ತನ್ನಿ. ಇಲಾಂನ ಈ ಚಹಾವನ್ನು ಹಾಲು ಹಾಕಿ ಕುದಿಸಬೇಡಿ. ಹಾಲಿನ ಚಹಾಕ್ಕೆ ಕೆಳಗಿನ ಝಾಪಾ ಬಯಲಿನ ಸಿಟಿಸಿ ಪುಡಿಯೇ ಸರಿ, ಅಗ್ಗವೂ ಹೌದು.