ಕಡಲಾಚೆಯಿಂದ ತಂದ ಮಕ್ಕಳು

ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದತ್ತು ಸ್ವೀಕಾರದ ವಿಷಯವಾಗಿ ನಮ್ಮನ್ನು ವಿಚಾರಿಸುವುದುಂಟು. ಅಂಥವರು ತಿಳಿಯತಕ್ಕ ಒಂದು ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಕೊರಿಯಾ ದೇಶದಲ್ಲಿ 1950ರಿಂದ 1953ರ ವರೆಗೆ ನಡೆದ ಯುದ್ಧದಲ್ಲಿ ಅನೇಕ ಮಕ್ಕಳು ದಿಕ್ಕಿಲ್ಲದವರಾದರು. ಪರದೇಶದ ಸಿಪಾಯಿಗಳಿಗೆ ಹುಟ್ಟಿದ ಕೂಸುಗಳನ್ನಂತೂ ಜನರು ಹೀನವಾಗಿ ಕಂಡರು. ಅಮೇರಿಕದ ಆರೆಗಾನ್ ಪ್ರಾಂತ್ಯದ ರೈತನಾದ ಹ್ಯಾರಿ ಹೋಲ್ಟನೂ ಆತನ ಪತ್ನಿ ಬರ್ತಾ ಎಂಬಾಕೆಯೂ, ತಮಗೆ ಆರು ಮಂದಿ ಮಕ್ಕಳಿದ್ದಾಗ್ಯೂ, ಇನ್ನೂ ಎಂಟು ಮಂದಿಯನ್ನು ತರಲು ನಿಶ್ಚಯಿಸಿದರು. ಆಗಿನ ಕಾನೂನು ಇಬ್ಬರಿಗೆ ಮಾತ್ರ ಅಪ್ಪಣೆ ಕೊಡುತ್ತಿದ್ದುದರಿಂದ 1955ರಲ್ಲಿ ಅವರಿಗಾಗಿ ಪ್ರತ್ಯೇಕ ಶಾಸನವಾಯಿತು. ಹ್ಯಾರಿಯು ತಾನೇ ಕೊರಿಯಾಕ್ಕೆ ಹೋಗಿ, ಅಕ್ಟೋಬರಿನಲ್ಲಿ ಹನ್ನೆರಡು ಮಕ್ಕಳೊಡನೆ ವಿಮಾನದಲ್ಲಿ ಹಿಂದಿರುಗಿದನು. ನಾಲ್ವರು ಬೇರೆ ಮನೆಗಳಿಗೆ ಸೇರತಕ್ಕವರು. ಆ ಪ್ರಯಾಣದಲ್ಲಿ ಒಗೆಯಬೇಕಾದ ಬಟ್ಟೆಗಳನ್ನು ತಾಯಂದಿರೇ ಎಣಿಸಿಕೊಳ್ಳಲಿ!

ಈತನ ಹಿಂದೆ ಸಾವಿರಾರು ಕುಟುಂಬಗಳು ಹೊರಟವು. ಕೂಸುಗಳನ್ನು ಒದಗಿಸುವ ಸಂಸ್ಥೆಗಳು ಹೆಚ್ಚಿದವು. ಹಣವೂ ಕೈ ಬದಲಾಯಿತು. ಹೆತ್ತವರುಳ್ಳ ಮಕ್ಕಳನ್ನು ಸಹ ಅನಾಥರೆಂದು ಕಾಗದಗಳಲ್ಲಿ ಬರೆದಿದ್ದರೆಂಬುದನ್ನು ಆ ದೇಶದ ಸತ್ಯಶೋಧನಾ ಮಂಡಲಿಯು 2025ರ ಮಾರ್ಚಿಯಲ್ಲಿ ಪ್ರಕಟಿಸಿತು. ಬೆಳೆದ ಮೇಲೆ ಹೆತ್ತ ತಾಯಿಯನ್ನು ಅರಸುತ್ತ ಹೋದವರಿಗೆ ಆ ಸುಳ್ಳು ಕಾಗದವೇ ಅಡ್ಡಗೋಡೆಯಾಯಿತು. ಸಾಕಿದವರ ಪ್ರೀತಿಯನ್ನು ನಾವು ಸಂದೇಹಿಸುವುದಿಲ್ಲ. ಆದರೆ ತನ್ನ ಹುಟ್ಟನ್ನು ಅರಿಯುವ ಹಕ್ಕು ಮಗುವಿನದು.

ಇದಕ್ಕಾಗಿಯೇ 1993ರಲ್ಲಿ ಹೇಗ್ ಪಟ್ಟಣದಲ್ಲಿ ಒಂದು ಒಪ್ಪಂದವಾಯಿತು. ಮೊದಲು ಸ್ವದೇಶದಲ್ಲಿಯೇ ಮನೆಯನ್ನು ಹುಡುಕಬೇಕು, ಯಾರೂ ಅನುಚಿತವಾಗಿ ಲಾಭ ಪಡೆಯಕೂಡದು ಎಂಬುದು ಅದರ ನಿಯಮ. ನಮ್ಮ ಭಾರತವು 2003ರಲ್ಲಿ ಅದನ್ನು ಅಂಗೀಕರಿಸಿತು. ಕೊರಿಯಾದಲ್ಲಿ ಅದು ಜಾರಿಗೆ ಬಂದದ್ದು 2025ರ ಅಕ್ಟೋಬರಿನಲ್ಲಿ, ಹ್ಯಾರಿಯ ವಿಮಾನವು ಇಳಿದು ಎಪ್ಪತ್ತು ವರ್ಷಗಳಾದ ಮೇಲೆ.