ಒಳ್ಳೆಯ ಕೊಲೆಸ್ಟರಾಲಿನ ವಾಹಕ

ಐನಾಪುರದಂತಹ ಊರುಗಳಲ್ಲಿಯೂ ಇಂದು ರಕ್ತಪರೀಕ್ಷೆಯ ಚೀಟಿ ಅಪರೂಪದ ವಸ್ತುವಲ್ಲ. ಅದರಲ್ಲಿಯ ಎಚ್‌ಡಿಎಲ್ ಎಂಬ ಸಾಲಿಗೆ ‘ಒಳ್ಳೆಯ ಕೊಲೆಸ್ಟರಾಲು’ ಎಂಬ ಹೆಸರು ರೂಢವಾಗಿದೆ. ಈ ಹೆಸರು ಅಷ್ಟು ಸರಿಯಲ್ಲ. ಕೊಲೆಸ್ಟರಾಲು ಎಲ್ಲೆಡೆಯೂ ಒಂದೇ. ಒಳ್ಳೆಯದು ಕೆಟ್ಟದೆಂಬ ಭೇದವು ಅದನ್ನು ಹೊತ್ತೊಯ್ಯುವ ಕಣದ್ದು. ಆ ಕಣದ ಗುಣವಾದರೋ ಬಹುಮಟ್ಟಿಗೆ ಅದನ್ನು ಕಟ್ಟುವ ಪ್ರೋಟೀನಿನ ರಚನೆಗೆ ಸೇರಿದ್ದು.

ಸಾರಿನ ಮೇಲೆ ಎಣ್ಣೆ ತೇಲುವುದನ್ನು ನೋಡದವರಿಲ್ಲ. ರಕ್ತವೂ ಬಹುಪಾಲು ನೀರೇ ಆದುದರಿಂದ ಕೊಬ್ಬಿಗೆ ಅಲ್ಲಿ ವಾಹನ ಬೇಕು. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನು ಅಪೋಲೈಪೋಪ್ರೋಟೀನ್ ಎ-1. ಯಕೃತ್ತಿನಲ್ಲಿಯೂ ಸಣ್ಣ ಕರುಳಿನಲ್ಲಿಯೂ ಹುಟ್ಟುವ ಇದು 243 ಅಮೈನೋ ಆಮ್ಲಗಳ ಸರಪಣಿ. ಅದರ ಬಹುಭಾಗವು ಹತ್ತು ಘಟಕಗಳಾಗಿ ಆವರ್ತಿಸುತ್ತದೆ: 22 ಆಮ್ಲಗಳವು ಎಂಟು, 11 ಆಮ್ಲಗಳವು ಎರಡು. ಘಟಕಗಳ ಸಂಧಿಯಲ್ಲಿ ಹೆಚ್ಚಾಗಿ ಪ್ರೋಲೀನ್ ಎಂಬ ಆಮ್ಲವು ಪದ್ಯದ ಯತಿಯಂತೆ ಬಂದು ಸರಪಣಿಯನ್ನು ಬಾಗಿಸುತ್ತದೆ.

ಪ್ರತಿ ಘಟಕವೂ ಆಲ್ಫಾ ಸುರುಳಿ. ಪ್ರೋಟೀನಿನ ಸರಪಣಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬುದನ್ನು 1963ರಲ್ಲಿ ನಕ್ಷೆಯಾಗಿ ತೋರಿಸಿಕೊಟ್ಟವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಣುಜೀವಭೌತವಿಜ್ಞಾನ ವಿಭಾಗವೂ ಅವರಿಂದಲೇ ಸ್ಥಾಪಿತವಾಯಿತು. ಸುರುಳಿಯ ಒಂದು ಸುತ್ತಿಗೆ 3.6 ಆಮ್ಲಗಳು, ಹನ್ನೊಂದಕ್ಕೆ ಸುಮಾರು ಮೂರು ಸುತ್ತು. ಈ ಲೆಕ್ಕದ ಫಲವಾಗಿ ನೀರನ್ನು ಒಲ್ಲದ ಆಮ್ಲಗಳೆಲ್ಲ ಒಂದೇ ಪಕ್ಕಕ್ಕೆ ಸಾಲಾಗುತ್ತವೆ, ನೀರನ್ನು ಬಯಸುವವು ಎದುರು ಪಕ್ಕಕ್ಕೆ. ಒಂದು ಮುಖ ಕೊಬ್ಬಿನ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ಇದೇ ಈ ರಚನೆಯ ರಹಸ್ಯ.

ಜೀವಕೋಶದ ಪೊರೆಯಲ್ಲಿರುವ ಎಬಿಸಿಎ1 ಎಂಬ ಮತ್ತೊಂದು ಪ್ರೋಟೀನು ಕೊಲೆಸ್ಟರಾಲನ್ನೂ ಫಾಸ್ಫೊಲಿಪಿಡ್ಡುಗಳನ್ನೂ ಹೊರಕ್ಕೆ ಒಪ್ಪಿಸುತ್ತದೆ. ಅವು ಬಿಲ್ಲೆಯಾಗಿ ಕೂಡುತ್ತವೆ. ಬಂಡಿಯ ಗಾಲಿಗೆ ಹಳಿ ತೊಡಿಸಿದಂತೆ ಎರಡು ಎ-1 ಸರಪಣಿಗಳು ಬಿಲ್ಲೆಯ ಅಂಚನ್ನು ಸುತ್ತುವರಿಯುತ್ತವೆ. ಬಳಿಕ ಎಲ್‌ಕ್ಯಾಟ್ ಎಂಬ ಕಿಣ್ವವು ಎ-1ರಿಂದ ಚೇತನ ಪಡೆದು ಕೊಲೆಸ್ಟರಾಲನ್ನು ಎಸ್ಟರಾಗಿ ಮಾರ್ಪಡಿಸುತ್ತದೆ. ನೀರಿಗೆ ಇನ್ನಷ್ಟು ಹಗೆಯಾದ ಎಸ್ಟರು ಒಳಗೆ ಸರಿದಂತೆ ಬಿಲ್ಲೆ ಉಬ್ಬಿ ಗುಂಡಾಗುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟಿರುವ ಈ ಗುಂಡೇ ಯಕೃತ್ತಿಗೆ ಹೊರೆಯನ್ನು ಮುಟ್ಟಿಸುವುದು.

ರಚನೆ ಕೆಟ್ಟರೇನು? ಅಮೆರಿಕದ ಟ್ಯಾಂಜಿಯರ್ ದ್ವೀಪದ ಹೆಸರು ಹೊತ್ತ, 1961ರಲ್ಲಿ ವರದಿಯಾದ ರೋಗದಲ್ಲಿ ಎಚ್‌ಡಿಎಲ್ ಇಲ್ಲವೆಂಬಷ್ಟು ಕಡಿಮೆ. ಮಕ್ಕಳ ಗಂಟಲ ಗ್ರಂಥಿಗಳಲ್ಲಿ ಕೊಲೆಸ್ಟರಾಲು ತುಂಬಿ ಕಿತ್ತಳೆಯ ಬಣ್ಣ ಬರುತ್ತದೆ. ಎಬಿಸಿಎ1ರ ದೋಷವೇ ಕಾರಣವೆಂದು 1999ರಲ್ಲಿ ತಿಳಿಯಿತು. ಇಟಲಿಯ ಲಿಮೋನೆ ಎಂಬ ಸರೋವರತೀರದ ಊರಿನ ಕಥೆ ಬೇರೆ. ಅಲ್ಲಿಯ ಕೆಲವರ ಎ-1 ಸರಪಣಿಯ 173ನೆಯ ಸ್ಥಾನದಲ್ಲಿ ಆರ್ಜಿನೀನಿಗೆ ಸಿಸ್ಟೀನು ಆದೇಶವಾಗಿದೆ ಎನ್ನಬಹುದು. ಅವರ ಎಚ್‌ಡಿಎಲ್ ಬಹಳ ಕಡಿಮೆ. ಆದರೂ ಹೃದ್ರೋಗ ಅದಕ್ಕೆ ತಕ್ಕಷ್ಟು ಕಾಣಲಿಲ್ಲ!

ನಮ್ಮ ದೇಶದಲ್ಲಿ ಕಡಿಮೆ ಎಚ್‌ಡಿಎಲ್ ಸಾಮಾನ್ಯವಾದುದರಿಂದ ಈ ಮಾತು ಮುಖ್ಯ. ನೆರೆಯ ಮಹಾರಾಷ್ಟ್ರವೂ ಸೇರಿ ನಾಲ್ಕು ಪ್ರದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 72 ಮಂದಿಗೆ ಅದು ಕಡಿಮೆಯಿತ್ತು. ಹಾಗೆಂದು ಅಂಕಿಯನ್ನು ಮಾತ್ರ ಏರಿಸಿದರೆ ಸಾಲದು. ಟಾರ್ಸೆಟ್ರಪಿಬ್ ಎಂಬ ಔಷಧಿ ಎಚ್‌ಡಿಎಲ್ಲನ್ನು ಬಹಳ ಹೆಚ್ಚಿಸಿತು, ಸಾವುಗಳೂ ಹೆಚ್ಚಿದವು. 2006ರ ಡಿಸೆಂಬರಿನಲ್ಲಿ ಪ್ರಯೋಗ ನಿಂತಿತು. ಕಣವು ಕೋಶದಿಂದ ಎಷ್ಟು ಕೊಲೆಸ್ಟರಾಲನ್ನು ಹೊರತರಬಲ್ಲದೆಂಬುದನ್ನು ಸಂಶೋಧಕರು ಈಗ ಅಳೆಯುತ್ತಾರೆ. ಆ ಅಳತೆ ಸಾಮಾನ್ಯ ಚೀಟಿಗೆ ಇನ್ನೂ ಬಂದಿಲ್ಲ.