ಆಜೀವ ಮೀನು ಪರವಾನಗಿ: ಕಿರಿಯ ಮಿತ್ರರಿಗೊಂದು ಹಿತವಚನ

ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿ, ಅಲ್ಲಿನ ಹೊಳೆ ಸರೋವರಗಳಲ್ಲಿ ಗಾಳ ಹಾಕುವ ಹವ್ಯಾಸ ಬೆಳೆಸಿಕೊಂಡಿರುವ ಕಿರಿಯ ಕನ್ನಡಿಗ ಮಿತ್ರರಿಗಾಗಿ ಈ ಮಾತುಗಳು.

ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಮೀನು ಹಿಡಿಯುವ ಪ್ರತಿಯೊಬ್ಬರ ಮುಂದೆಯೂ ಕೆಲವು ವರ್ಷಗಳ ಅನುಭವದ ನಂತರ ಒಂದು ಪ್ರಶ್ನೆ ಏಳುತ್ತದೆ. ಪ್ರತಿವರ್ಷ ಶುಲ್ಕ ಕಟ್ಟಿ ಪರವಾನಗಿಯನ್ನು ಹೊಸದಾಗಿ ಪಡೆಯುತ್ತ ಹೋಗುವುದು ಲೇಸೋ, ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಬದುಕಿರುವವರೆಗೂ ನಡೆಯುವ ಆಜೀವ ಪರವಾನಗಿಯನ್ನು ಕೊಳ್ಳುವುದು ಲೇಸೋ ಎಂಬುದೇ ಆ ಪ್ರಶ್ನೆ. ಮೇಲ್ನೋಟಕ್ಕೆ ಇದು ಭಾಗಾಕಾರದ ಒಂದು ಸಣ್ಣ ಲೆಕ್ಕದಂತೆ ಕಾಣುತ್ತದೆಯಾದರೂ, ಕೊಳ್ಳುವವರ ವಯಸ್ಸು, ಅವರು ನೆಲೆ ನಿಂತಿರುವ ಊರು ಮತ್ತು ಅವರ ರೂಢಿ ಎಂಬ ಮೂರು ಸಂಗತಿಗಳನ್ನು ಕೂಡಿಸಿ ನೋಡದ ಹೊರತು ಆ ಲೆಕ್ಕಕ್ಕೆ ಸರಿಯಾದ ಉತ್ತರ ದೊರೆಯುವುದಿಲ್ಲ.

ಮೊದಲು ಪರವಾನಗಿ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಮೀನುಗಾರಿಕೆಯೆಂದರೆ ಬಹುಮಟ್ಟಿಗೆ ಜೀವನೋಪಾಯ, ಮತ್ತು ಕೆರೆಯ ಮೀನಿನ ಹಕ್ಕೆಂದರೆ ಗುತ್ತಿಗೆ ಅಥವಾ ಹರಾಜಿನ ವಿಷಯ. ಶೃಂಗೇರಿಯ ತುಂಗಾತೀರದಲ್ಲಾಗಲಿ ಶಿಶಿಲದ ಕಪಿಲಾ ನದಿಯಲ್ಲಾಗಲಿ ಮೀನುಗಳನ್ನು ಕಾಯ್ದುಕೊಂಡು ಬಂದಿರುವುದು ಭಕ್ತಿಯೇ ಹೊರತು ರಸೀದಿಯಲ್ಲ. ಅಮೆರಿಕದ ವ್ಯವಸ್ಥೆ ಬೇರೆ ತತ್ತ್ವದ ಮೇಲೆ ನಿಂತಿದೆ. ಅಲ್ಲಿ ಕಾಡುಮೀನುಗಳು ಯಾವ ಖಾಸಗಿ ವ್ಯಕ್ತಿಯ ಸ್ವತ್ತೂ ಅಲ್ಲ. ಪ್ರಜೆಗಳ ಪರವಾಗಿ ಆಯಾ ರಾಜ್ಯ ಸರ್ಕಾರ ಅವುಗಳನ್ನು ಕಾಪಾಡುತ್ತದೆ, ಮತ್ತು ಹವ್ಯಾಸಿಗಳು ಕೊಡುವ ಶುಲ್ಕವೇ ಆ ಕಾಪಿನ ಖರ್ಚಿಗೆ ದೊಡ್ಡ ಆಧಾರವಾಗುತ್ತದೆ. ಪರವಾನಗಿ ಕೊಡುವ ಅಧಿಕಾರ ಒಕ್ಕೂಟ ಸರ್ಕಾರದ್ದಾಗಿರದೆ ರಾಜ್ಯಗಳದ್ದಾಗಿರುವುದರಿಂದ ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದ ನೀರಿನಲ್ಲಿ ಸಾಮಾನ್ಯವಾಗಿ ಸಲ್ಲುವುದಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

ನ್ಯೂಯಾರ್ಕಿನ ದರಗಳು ಸದ್ಯ ಹೀಗಿವೆ. 16 ವರ್ಷ ತುಂಬದವರಿಗೆ ಪರವಾನಗಿಯೇ ಬೇಡ. 16ರಿಂದ 69 ವರ್ಷದ ನಿವಾಸಿಗಳು ಸಿಹಿನೀರಿನಲ್ಲಿ ಮೀನು ಹಿಡಿಯಲು ವರ್ಷಕ್ಕೆ 25 ಡಾಲರ್ ಕೊಡಬೇಕು. 70 ದಾಟಿದ ನಿವಾಸಿಗಳಿಗೆ ಅದೇ ಪರವಾನಗಿ 5 ಡಾಲರಿಗೆ ಸಿಗುತ್ತದೆ. ಹೊರರಾಜ್ಯದವರಿಗೆ 50 ಡಾಲರ್. ಆಜೀವ ಪರವಾನಗಿಗೆ 16ರಿಂದ 69ರ ವಯಸ್ಸಿನಲ್ಲಿ 460 ಡಾಲರ್, 70ರ ನಂತರವಾದರೆ 65 ಡಾಲರ್. 460ನ್ನು 25ರಿಂದ ಭಾಗಿಸಿದರೆ ಹದಿನೆಂಟೂವರೆಗೆ ತುಸು ಕಡಿಮೆ ಬರುತ್ತದೆ. ಅಂದರೆ ಹತ್ತೊಂಬತ್ತನೆಯ ವರ್ಷದಿಂದ ಆಜೀವ ಪರವಾನಗಿ ಲಾಭ ತರತೊಡಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ, ಮತ್ತು ಅಲ್ಲಿಗೇ ಲೆಕ್ಕವನ್ನು ನಿಲ್ಲಿಸುತ್ತಾರೆ.

ಆದರೆ ಈ ಲೆಕ್ಕದಲ್ಲಿ ಹಣದ ಕಾಲಮೌಲ್ಯವೆಂಬ ಅಂಶ ಬಿಟ್ಟುಹೋಗಿದೆ. ಇಂದು ಕೈಯಲ್ಲಿರುವ ಹಣ ಮುಂದೆ ಬರುವ ಅಷ್ಟೇ ಹಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅದನ್ನು ಬಡ್ಡಿಗೆ ತೊಡಗಿಸಬಹುದು ಎಂಬುದೇ ಆ ತತ್ತ್ವದ ಸಾರ. 460 ಡಾಲರನ್ನು ಶೇಕಡಾ 4ರ ಬಡ್ಡಿ ಬರುವಲ್ಲಿ ಇಟ್ಟು, ಪ್ರತಿವರ್ಷದ ಆರಂಭದಲ್ಲಿ ಅದರಿಂದಲೇ 25 ಡಾಲರ್ ತೆಗೆದು ಶುಲ್ಕ ಕಟ್ಟುತ್ತ ಹೋದರೆ, ಮೊದಲ ವರ್ಷವೇ ಸುಮಾರು 17 ಡಾಲರ್ ಬಡ್ಡಿಯಾಗಿ ಹಿಂದಿರುಗುವುದರಿಂದ ಅಸಲು ನಿಧಾನವಾಗಿ ಕರಗುತ್ತದೆ, ಮತ್ತು ಅದು ಪೂರ್ತಿ ಮುಗಿಯಲು 31 ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ಶುಲ್ಕವೂ ಕಾಲಕಾಲಕ್ಕೆ ಏರುತ್ತದೆಯಲ್ಲವೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ. ಶುಲ್ಕವು ಬಡ್ಡಿಯಷ್ಟೇ ವೇಗವಾಗಿ ಏರಿದರೆ ಮತ್ತೆ ಹದಿನೆಂಟೂವರೆ ವರ್ಷದ ಲೆಕ್ಕಕ್ಕೇ ಬಂದು ನಿಲ್ಲಬೇಕಾಗುತ್ತದೆ; ಬಡ್ಡಿಗಿಂತ ಶೇಕಡಾ 2ರಷ್ಟು ಕಡಿಮೆ ವೇಗದಲ್ಲಿ ಏರಿದರೆ ಸುಮಾರು 23 ವರ್ಷ ಹಿಡಿಯುತ್ತದೆ. ಆದರೆ ಶುಲ್ಕಗಳು ಬೆಲೆಯೇರಿಕೆಯ ಜೊತೆಜೊತೆಗೆ ಒಂದೇ ಸಮನೆ ಏರುತ್ತವೆಂದು ನಂಬುವಂತಿಲ್ಲ. ನ್ಯೂಯಾರ್ಕಿನಲ್ಲಿ 2009ರಲ್ಲಿ ವಾರ್ಷಿಕ ಶುಲ್ಕ 19 ಡಾಲರಿನಿಂದ 29ಕ್ಕೆ ಒಮ್ಮೆಗೇ ಜಿಗಿಯಿತು, 2014ರಲ್ಲಿ ಅದನ್ನು 25ಕ್ಕೆ ಇಳಿಸಲಾಯಿತು. ಶುಲ್ಕವನ್ನು ನಿಗದಿಪಡಿಸುವುದು ಶಾಸನಸಭೆಯಾದ್ದರಿಂದ ಅದರ ಏರಿಳಿತ ಮಾರುಕಟ್ಟೆಯ ಗತಿಗಿಂತ ಹೆಚ್ಚಾಗಿ ರಾಜಕೀಯ ತೀರ್ಮಾನಗಳನ್ನು ಅನುಸರಿಸುತ್ತದೆ. ಆದಕಾರಣ ಆಜೀವ ಪರವಾನಗಿಯನ್ನು ಬೆಲೆಯೇರಿಕೆಯ ವಿರುದ್ಧದ ಭದ್ರ ಹೂಡಿಕೆ ಎಂದು ಭಾವಿಸುವುದು ತಪ್ಪು.

ಮೊದಲನೆಯ ಸಂಗತಿಯಾದ ವಯಸ್ಸನ್ನು ಈಗ ಪರಿಶೀಲಿಸಬಹುದು. 70ಕ್ಕೆ ಶುಲ್ಕ ಥಟ್ಟನೆ ಇಳಿಯುವುದರಿಂದ, ಕೊಳ್ಳುವವರು ಎಣಿಸಬೇಕಾದದ್ದು ಆಯುಷ್ಯದ ಉಳಿದ ವರ್ಷಗಳನ್ನಲ್ಲ, 70 ತುಂಬಲು ಉಳಿದಿರುವ ವರ್ಷಗಳನ್ನು. 55ನೆಯ ವಯಸ್ಸಿನಲ್ಲಿರುವವರು 69ರವರೆಗೆ ವಾರ್ಷಿಕ ಶುಲ್ಕ ಕಟ್ಟಿದರೆ ಹದಿನೈದು ವರ್ಷಕ್ಕೆ 375 ಡಾಲರ್ ಆಗುತ್ತದೆ. 70ರಲ್ಲಿ 65 ಡಾಲರಿಗೆ ಆಜೀವ ಪರವಾನಗಿ ಪಡೆದರೂ ಒಟ್ಟು 440 ಡಾಲರ್ ಮಾತ್ರ. ಬಡ್ಡಿಯ ಮಾತನ್ನೇ ಎತ್ತದೆ, ಇಂದಿನ ದರವೇ ಮುಂದುವರಿಯುವುದೆಂದು ಭಾವಿಸಿ ನೋಡಿದರೂ, 55 ದಾಟಿದ ನ್ಯೂಯಾರ್ಕ್ ನಿವಾಸಿಗೆ 460 ಡಾಲರಿನ ಪರವಾನಗಿ ನಷ್ಟದ ವ್ಯವಹಾರ. ಊರಿನಿಂದ ಬಂದು ಮಕ್ಕಳೊಂದಿಗೆ ನೆಲೆಸಿದ ತಂದೆತಾಯಿಯರಿಗೆ ಪ್ರೀತಿಯಿಂದ ಇಂಥ ಉಡುಗೊರೆ ಕೊಡಬಯಸುವವರು ಇದನ್ನು ಗಮನಿಸಬೇಕು. 30ರ ಆಸುಪಾಸಿನವರಿಗಾದರೋ 70ಕ್ಕೆ ಇನ್ನೂ ನಲವತ್ತು ವರ್ಷಗಳಿರುವುದರಿಂದ, ಕಠಿಣವಾದ 31 ವರ್ಷಗಳ ಲೆಕ್ಕದಲ್ಲಿಯೂ ಪರವಾನಗಿ ತನ್ನ ಬೆಲೆಯನ್ನು ತೀರಿಸುತ್ತದೆ. ಈ ಎರಡು ವಯೋಮಾನಗಳ ನಡುವೆ ಇರುವವರ ವಿಷಯದಲ್ಲಿ ಹಣದ ಲೆಕ್ಕ ತೀರ್ಪು ಕೊಡುವುದಿಲ್ಲ. ಉಳಿದೆರಡು ಸಂಗತಿಗಳೇ ಕೊಡಬೇಕು.

ಎರಡನೆಯದಾದ ನೆಲೆಯ ಪ್ರಶ್ನೆ ವಲಸೆ ಬಂದ ಕುಟುಂಬಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಆಜೀವ ಪರವಾನಗಿಯನ್ನು ಕೊಳ್ಳುವ ಹೊತ್ತಿಗೆ ನ್ಯೂಯಾರ್ಕಿನ ನಿವಾಸಿಯಾಗಿರಬೇಕು. ಇಲ್ಲಿ ನಿವಾಸಿಯೆಂದರೆ ಅರ್ಜಿಗೆ ಮೊದಲು ಕನಿಷ್ಠ 30 ದಿನಗಳಿಂದ ತಮ್ಮ ಮುಖ್ಯ ಮನೆಯನ್ನು ಆ ರಾಜ್ಯದಲ್ಲಿ ಹೊಂದಿರುವವರು ಎಂದರ್ಥ. ಒಮ್ಮೆ ಕೊಂಡ ಮೇಲೆ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದರೂ ಅದು ನ್ಯೂಯಾರ್ಕಿನ ನೀರಿನಲ್ಲಿ ಊರ್ಜಿತವಾಗಿಯೇ ಉಳಿಯುತ್ತದೆ. ಆದರೆ ಅದನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ, ಹಿಂದಿರುಗಿಸಿ ಹಣ ಪಡೆಯುವಂತೆಯೂ ಇಲ್ಲ. ಉದ್ಯೋಗ ನ್ಯೂಜೆರ್ಸಿಗೋ ಕನೆಕ್ಟಿಕಟ್‌ಗೋ ಬದಲಾಗಿ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಬೀವರ್‌ಕಿಲ್ ಹೊಳೆಗೆ ಟ್ರೌಟ್ ಹಿಡಿಯಲು ಬರುವ ರೂಢಿ ಮಾತ್ರ ಮುಂದುವರಿದರೆ, ಹೊರರಾಜ್ಯದವರ 50 ಡಾಲರ್ ಶುಲ್ಕ ತಪ್ಪುವುದರಿಂದ ಉಳಿತಾಯ ಇಮ್ಮಡಿಯಾಗುತ್ತದೆ. ಅದೇ ಉದ್ಯೋಗ ಕ್ಯಾಲಿಫೋರ್ನಿಯಾಕ್ಕೆ ಒಯ್ದರೆ ಆಜೀವ ಪರವಾನಗಿ ಪೆಟ್ಟಿಗೆಯ ತಳದಲ್ಲಿ ಉಳಿಯುವ ಕಾಗದವಾಗುತ್ತದೆ. ತಾತ್ಕಾಲಿಕ ಉದ್ಯೋಗ ವೀಸಾದ ಮೇಲಿರುವವರು, ಮುಂದಿನ ಐದು ವರ್ಷಗಳಲ್ಲಿ ತಾವು ಎಲ್ಲಿರುವೆವೆಂದು ಹೇಳಲಾರದವರು ಈ ಖರೀದಿಯನ್ನು ಮುಂದೂಡುವುದೇ ವಿವೇಕ.

ಮೂರನೆಯದು ರೂಢಿ. ಹೊಸದಾಗಿ ಗಾಳದ ಕೋಲು ಕೊಂಡವರ ಉತ್ಸಾಹ ಮೊದಲ ಎರಡು ಬೇಸಿಗೆಗಳಲ್ಲಿ ಉಕ್ಕುತ್ತದೆ; ಮಕ್ಕಳು, ಮನೆಸಾಲ, ಕೆಲಸದ ಒತ್ತಡಗಳು ಸೇರಿಕೊಂಡ ಮೇಲೂ ಅದು ಉಳಿಯುತ್ತದೆಯೇ ಎಂಬುದನ್ನು ಕಾಲವೇ ತೋರಿಸಬೇಕು. ವಾರ್ಷಿಕ ಪರವಾನಗಿ ಕೊಳ್ಳದೆ ಬಿಟ್ಟ ಪ್ರತಿಯೊಂದು ವರ್ಷವೂ ಆಜೀವ ಪರವಾನಗಿ ಫಲ ಕೊಡುವ ದಿನವನ್ನು ಅಷ್ಟು ದೂರಕ್ಕೆ ತಳ್ಳುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ನೀರಿನ ದಡಕ್ಕೆ ಹೋಗುವವರಿಗೆ 5 ಡಾಲರಿನ ಒಂದು ದಿನದ ಪರವಾನಗಿಯೂ 12 ಡಾಲರಿನ ಏಳು ದಿನದ ಪರವಾನಗಿಯೂ ಇವೆ. ಯಾವ ಪರವಾನಗಿಯೂ ಇಲ್ಲದೆ ಮೀನು ಹಿಡಿಯಬಹುದಾದ ಕೆಲವು ದಿನಗಳನ್ನೂ ರಾಜ್ಯ ಪ್ರತಿವರ್ಷ ಘೋಷಿಸುತ್ತದೆ. ಯಾವ ನೀರು ಎಂಬುದನ್ನೂ ಇಲ್ಲಿಯೇ ನೋಡಿಕೊಳ್ಳಬೇಕು. ಲಾಂಗ್ ಐಲೆಂಡಿನ ಕಡಲತೀರದಲ್ಲಿ ಮಾತ್ರ ಗಾಳ ಹಾಕುವವರಿಗೆ ಉಪ್ಪುನೀರಿನ ಉಚಿತ ನೋಂದಣಿ ಸಾಕು. ಅಂಥವರು 460 ಡಾಲರ್ ಕೊಟ್ಟರೆ ತಮಗೆ ಬೇಡದ ಹಕ್ಕಿಗೆ ಬೆಲೆ ತೆತ್ತಂತೆ.

ಇನ್ನೊಂದು ವಾದ ಹೃದಯಕ್ಕೆ ಸಂಬಂಧಿಸಿದ್ದು. ಪರವಾನಗಿಯ ಹಣ ಮೀನುಗಳ ರಕ್ಷಣೆಗೆ ಹೋಗುವುದರಿಂದ ಹೆಚ್ಚು ಕೊಟ್ಟಷ್ಟೂ ಒಳಿತಲ್ಲವೇ ಎಂದು ಹಲವರು ಭಾವಿಸುತ್ತಾರೆ. ಈ ಭಾವನೆ ಗೌರವಕ್ಕೆ ಅರ್ಹವಾದದ್ದು. ಆದರೆ ಹಣ ಹರಿಯುವ ದಾರಿಯನ್ನು ತಿಳಿದೇ ಇದನ್ನು ತೂಗಬೇಕು. 1950ರ ಡಿಂಗೆಲ್–ಜಾನ್ಸನ್ ಕಾಯಿದೆಯಂತೆ ಮೀನು ಹಿಡಿಯುವ ಸಲಕರಣೆಗಳ ಮೇಲೆ ಒಕ್ಕೂಟ ಸರ್ಕಾರ ಅಬಕಾರಿ ಸುಂಕ ವಿಧಿಸುತ್ತದೆ, ಅಂದರೆ ತಯಾರಕರಿಂದಲೇ ವಸೂಲಾಗಿ ಸರಕಿನ ಬೆಲೆಯಲ್ಲಿ ಸೇರಿಹೋಗುವ ತೆರಿಗೆ. ಹೆಚ್ಚಿನ ಸಲಕರಣೆಗಳ ಮೇಲೆ ಅದು ಶೇಕಡಾ 10ರಷ್ಟಿದೆ. 1984ರ ತಿದ್ದುಪಡಿಯಿಂದ ಮೋಟಾರು ದೋಣಿಗಳ ಇಂಧನ ತೆರಿಗೆಯೂ ಇದಕ್ಕೆ ಸೇರಿತು. ಈ ಹಣವನ್ನು ರಾಜ್ಯಗಳಿಗೆ ಹಂಚುವಾಗ ಶೇಕಡಾ 60ರಷ್ಟು ಭಾಗವನ್ನು ಆಯಾ ರಾಜ್ಯದಲ್ಲಿ ಹಣ ಕೊಟ್ಟು ಪರವಾನಗಿ ಪಡೆದವರ ಸಂಖ್ಯೆಯ ಮೇಲೂ, ಶೇಕಡಾ 40ರಷ್ಟನ್ನು ನೆಲ ಮತ್ತು ನೀರಿನ ವಿಸ್ತೀರ್ಣದ ಮೇಲೂ ನಿರ್ಧರಿಸುತ್ತಾರೆ. ಒಪ್ಪಿಗೆಯಾದ ಕೆಲಸಗಳ ಖರ್ಚಿನಲ್ಲಿ ನಾಲ್ಕನೆಯ ಮೂರು ಪಾಲಿನವರೆಗೆ ಈ ನಿಧಿಯಿಂದ ಬರುತ್ತದೆ. ಆದ್ದರಿಂದ 25 ಡಾಲರ್ ಕೊಟ್ಟ ಒಬ್ಬರು ಕೇವಲ 25 ಡಾಲರ್ ಕೊಟ್ಟಂತಲ್ಲ, ತಮ್ಮ ರಾಜ್ಯದ ಎಣಿಕೆಗೆ ಒಂದು ತಲೆಯನ್ನೂ ಸೇರಿಸಿದಂತೆ. ಆಜೀವ ಪರವಾನಗಿ ಪಡೆದವರನ್ನೂ ಎಣಿಕೆಗೆ ತೆಗೆದುಕೊಳ್ಳಬಹುದಾದರೂ, ಎಣಿಸುವ ಪ್ರತಿ ವರ್ಷಕ್ಕೆ ನಿಗದಿಯಾದ ಕನಿಷ್ಠ ಆದಾಯ ಆ ಪರವಾನಗಿಯಿಂದ ಬಂದಿರಬೇಕು, ಅವರು ಬದುಕಿರುವರೆಂದು ಅಂದಾಜಿಸುವ ಒಪ್ಪಿತ ವಿಧಾನವೂ ರಾಜ್ಯದ ಬಳಿ ಇರಬೇಕು ಎಂಬ ಷರತ್ತುಗಳಿವೆ. ನ್ಯೂಯಾರ್ಕಿನಲ್ಲಿ ಆಜೀವ ಪರವಾನಗಿಗಳ ಮೊತ್ತವನ್ನು ಪ್ರತ್ಯೇಕ ನ್ಯಾಸ ಖಾತೆಯಲ್ಲಿಟ್ಟು ಹೂಡಲಾಗುತ್ತದೆ. ಹೀಗೆ ಎರಡು ಬಗೆಯ ಪರವಾನಗಿಗಳೂ ಸಂರಕ್ಷಣೆಗೆ ನೆರವಾಗುವುದರಿಂದ, ವರ್ಷವರ್ಷ ಶುಲ್ಕ ಕಟ್ಟುವವರು ನದಿಗೆ ಕಡಿಮೆ ಸೇವೆ ಸಲ್ಲಿಸುತ್ತಿದ್ದಾರೆಂದು ಅಳುಕುವ ಕಾರಣವೇ ಇಲ್ಲ.

ಆಜೀವ ಪರವಾನಗಿ ಏನನ್ನು ಕೊಡುವುದಿಲ್ಲ ಎಂಬುದನ್ನೂ ಅರಿತಿರಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಆಜೀವ ಸದಸ್ಯರು ಪರಿಷತ್ತಿನ ನಿಬಂಧನೆಗಳಿಗೆ ಹೇಗೆ ಬದ್ಧರೋ ಹಾಗೆಯೇ ಆಜೀವ ಪರವಾನಗಿ ಪಡೆದವರೂ ಎಲ್ಲರಂತೆ ನಿಯಮಗಳಿಗೆ ಬದ್ಧರು. ಯಾವ ಋತುವಿನಲ್ಲಿ ಯಾವ ಮೀನು, ದಿನಕ್ಕೆ ಎಷ್ಟು, ಎಷ್ಟು ಉದ್ದದ್ದು ಎಂಬ ಮಿತಿಗಳು ಅವರಿಗೂ ಅನ್ವಯಿಸುತ್ತವೆ. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಒದಗಿಸುವ ಅಶೋಕನ್‌ನಂಥ ಜಲಾಶಯಗಳಲ್ಲಿ ಗಾಳ ಹಾಕಲು ನಗರಾಡಳಿತದ ಪ್ರತ್ಯೇಕ ಉಚಿತ ಪ್ರವೇಶಪತ್ರವೂ ಬೇಕು. ಹಿಡಿದ ಮೀನು ತಿನ್ನಲು ಯೋಗ್ಯವೆಂಬ ಭರವಸೆಯನ್ನಂತೂ ಯಾವ ಪರವಾನಗಿಯೂ ಕೊಡುವುದಿಲ್ಲ. ಪಾದರಸ ಮತ್ತು ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕಗಳು ಕೆಲವು ನೀರುಗಳ ಮೀನಿನ ಮೈಯಲ್ಲಿ ಸೇರಿರುವುದರಿಂದ ರಾಜ್ಯದ ಆರೋಗ್ಯ ಇಲಾಖೆ 50 ವರ್ಷದೊಳಗಿನ ಮಹಿಳೆಯರಿಗೂ 15 ವರ್ಷದೊಳಗಿನ ಮಕ್ಕಳಿಗೂ ವಿಶೇಷ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಮನೆಯಲ್ಲಿ ಮೀನುಸಾರು ಮಾಡುವ ಮುನ್ನ ಆ ಸೂಚನೆಯನ್ನು ಓದುವುದು ಪರವಾನಗಿಯ ಲೆಕ್ಕಕ್ಕಿಂತ ಎಷ್ಟೋ ಮುಖ್ಯ.

ನ್ಯೂಯಾರ್ಕಿನ ಈ ಲೆಕ್ಕವನ್ನು ಬೇರೆ ರಾಜ್ಯಕ್ಕೆ ಹಾಗೆಯೇ ಹೊತ್ತೊಯ್ಯುವಂತಿಲ್ಲ. ಉದಾಹರಣೆಗೆ ಫ್ಲೋರಿಡಾದಲ್ಲಿ 65 ತುಂಬಿದ ನಿವಾಸಿಗಳಿಗೆ ಪರವಾನಗಿಯ ಅಗತ್ಯವೇ ಇಲ್ಲವಾದ್ದರಿಂದ ಅಲ್ಲಿ ಎಣಿಕೆ ಇನ್ನೂ ಐದು ವರ್ಷ ಮೊದಲೇ ನಿಲ್ಲುತ್ತದೆ. ಯಾವ ರಾಜ್ಯವಾದರೂ ವಾರ್ಷಿಕ ಶುಲ್ಕವೆಷ್ಟು, ಹಿರಿಯರ ರಿಯಾಯಿತಿ ಯಾವ ವಯಸ್ಸಿಗೆ ದೊರೆಯುತ್ತದೆ, ರಾಜ್ಯ ಬಿಟ್ಟ ಮೇಲೂ ಪರವಾನಗಿ ಸಲ್ಲುತ್ತದೆಯೇ ಎಂಬ ಮೂರನ್ನು ಕೇಳಿ ತಿಳಿದರೆ ಉಳಿದ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಿರಿಯ ಮಿತ್ರರಿಗೆ ಹೇಳಬೇಕಾದ ಹಿತವಚನ ಇಷ್ಟು. ಮೊದಲ ನಾಲ್ಕೈದು ವರ್ಷ ವಾರ್ಷಿಕ ಪರವಾನಗಿಯನ್ನೇ ಕೊಳ್ಳಲಿ. ಆ ಅವಧಿಯಲ್ಲಿ ಒಂದು ವರ್ಷವೂ ತಪ್ಪದೆ ನೀರಿನ ದಡಕ್ಕೆ ಹೋಗಿದ್ದಾರೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಹೋಗಿದ್ದು, ಆ ನಾಡಿನಲ್ಲೋ ಅದರ ಗಡಿಯಾಚೆ ಹತ್ತಿರದಲ್ಲೋ ನೆಲೆ ನಿಲ್ಲುವುದು ಖಚಿತವಾಗಿದ್ದು, ವಯಸ್ಸು ಇನ್ನೂ ನಲವತ್ತರ ಒಳಗಿದ್ದು, 460 ಡಾಲರ್ ತೆಗೆದರೆ ಮನೆಯ ಯಾವ ಅಗತ್ಯಕ್ಕೂ ಕೊರತೆಯಾಗದೆಂದಾದರೆ, ನಿವಾಸಿಯಾಗಿರುವಾಗಲೇ ಸಂಕೋಚವಿಲ್ಲದೆ ಆಜೀವ ಪರವಾನಗಿಯನ್ನು ಕೊಳ್ಳಲಿ. ಇವುಗಳಲ್ಲಿ ಒಂದು ಸಂಗತಿ ಕೂಡದಿದ್ದರೂ ವರ್ಷಕ್ಕೆ 25 ಡಾಲರ್ ಕೊಡುತ್ತಿರಲಿ. ಹೆಚ್ಚೆಂದರೆ ಒಂದಷ್ಟು ಡಾಲರುಗಳ ವ್ಯತ್ಯಾಸ ತರುವ ಈ ತೀರ್ಮಾನಕ್ಕಿಂತ, ಮಿತಿಯನ್ನು ಮೀರದೆ ಮೀನು ಹಿಡಿಯುವುದು, ಮರಿಗಳನ್ನು ನೀರಿಗೆ ಹಿಂದಿರುಗಿಸುವುದು, ದಡವನ್ನು ಚೊಕ್ಕಟವಾಗಿ ಬಿಟ್ಟುಬರುವುದು ಹೆಚ್ಚಿನ ಕರ್ತವ್ಯಗಳು. ಅವುಗಳನ್ನು ಪಾಲಿಸುವ ಹೊಣೆ ವಾರ್ಷಿಕ ಪರವಾನಗಿದಾರರ ಮೇಲೂ ಆಜೀವ ಪರವಾನಗಿದಾರರ ಮೇಲೂ ಸಮಾನವಾಗಿಯೇ ಇದೆ.

ಇತಿ,
ಹಿತೈಷಿ ಹಿರಿಯರು